ಹಳೆಯ ಕಾರಿಗೆ ಹೊಸ ಸ್ಟೀರಿಂಗ್ ಕೀಲುಗಳು: ಬಿಚ್ಚುವ ಮುನ್ನಿನ ಅಳತೆಯಿಂದ ಕೊನೆಯ ಟೋ-ಇನ್‌ವರೆಗೆ

ಸ್ಟೀರಿಂಗ್ ವ್ಹೀಲಿನ ಅಂಚನ್ನು ಎರಡು ಬೆರಳಿನಗಲ ಸರಿಸಿದರೂ ಮುಂದಿನ ಚಕ್ರಗಳು ಕದಲುವುದಿಲ್ಲ. ಇನ್ನೊಂದು ಬೆರಳಿನಷ್ಟು ಸರಿಸಿದಾಗ ಕೆಳಗೆಲ್ಲೋ ‘ಟಕ್’ ಎನ್ನುತ್ತದೆ, ಕಾರು ಪಕ್ಕಕ್ಕೆ ಜಗ್ಗುತ್ತದೆ. ಅದನ್ನು ಸರಿಪಡಿಸಲು ಈ ಕಡೆಗೆ, ಹೆಚ್ಚಾಯಿತೆಂದು ಮತ್ತೆ ಆ ಕಡೆಗೆ. ಹಳೆಯ ಕಾರು ಇಟ್ಟುಕೊಂಡವರಲ್ಲಿ ಬಹಳ ಮಂದಿ ಇದನ್ನು ವಯಸ್ಸಿನ ಗುಣವೆಂದು ಒಪ್ಪಿಕೊಂಡುಬಿಟ್ಟಿರುತ್ತಾರೆ. ಒಪ್ಪಬೇಕಾಗಿಲ್ಲ. 1950ರ ದಶಕದ ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೀಗೆ ಓಲಾಡುತ್ತಿರಲಿಲ್ಲ.

ಎರಡು ಬೆರಳಿನಷ್ಟು ಸಡಿಲ ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಸ್ಟೀರಿಂಗ್ ಬಾಕ್ಸ್‌ನಿಂದ (ಸ್ಟೀರಿಂಗ್ ವ್ಹೀಲಿನ ತಿರುವನ್ನು ಕೆಳಗಿನ ರಾಡ್‌ಗಳಿಗೆ ದಾಟಿಸುವ ಗೇರ್ ಪೆಟ್ಟಿಗೆ) ಚಕ್ರದವರೆಗೆ ಆರು ಕೀಲುಗಳಿವೆ, ಒಂದೊಂದೂ ಕಾಲು ಮಿಲಿಮೀಟರ್ ಸವೆದಿದೆ ಎಂದುಕೊಳ್ಳಿ. ಕೂಡಿದರೆ ಒಂದೂವರೆ ಮಿಲಿಮೀಟರ್. ಚಕ್ರದ ಸ್ಟೀರಿಂಗ್ ಆರ್ಮ್ 150 ಮಿ.ಮೀ. ಉದ್ದವಿದ್ದರೆ ಚಕ್ರದಲ್ಲಿ ಅದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಬಾಕ್ಸ್‌ನ ಅನುಪಾತ 15ಕ್ಕೆ 1 ಇದ್ದರೆ ಸ್ಟೀರಿಂಗ್ ವ್ಹೀಲಿನಲ್ಲಿ ಎಂಟೂವರೆ ಡಿಗ್ರಿ, 400 ಮಿ.ಮೀ. ವ್ಯಾಸದ ವ್ಹೀಲಿನ ಅಂಚಿನಲ್ಲಿ 30 ಮಿ.ಮೀ. ಅಂದರೆ ಎರಡು ಬೆರಳು. ಯಾವುದೇ ಒಂದು ಕೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ‘ಇದು ಪರವಾಗಿಲ್ಲ’ ಎನ್ನಿಸುವಷ್ಟೇ ಸವೆತ, ಆದರೆ ಸೇರಿದಾಗ ಕಾರು ಓಡಿಸಲಾಗದಂತಾಗುತ್ತದೆ. ಆದ್ದರಿಂದ ಇಲ್ಲಿ ಒಂದೇ ಕೀಲು ಬದಲಿಸಿ ಕೈತೊಳೆದುಕೊಳ್ಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಾಗೆಯೇ ಹೊಸದನ್ನು ಕೂರಿಸುವಾಗ ಮಾಡುವ ಸಣ್ಣ ಉಪೇಕ್ಷೆಯೂ ಇಷ್ಟೇ ಪಟ್ಟು ದೊಡ್ಡದಾಗಿ ಕೈಗೆ ಬರುತ್ತದೆ.

ಯಾವುದಕ್ಕೆ ಏನು ಹೆಸರು

ಸ್ಟೀರಿಂಗ್ ಬಾಕ್ಸ್‌ನಿಂದ ಕೆಳಗೆ ಇಳಿದ ಕೈ ಪಿಟ್‌ಮನ್ ಆರ್ಮ್. ಬ್ರಿಟಿಷ್ ಕಾರುಗಳ ಕೈಪಿಡಿಗಳಲ್ಲಿ ಇದನ್ನೇ ಡ್ರಾಪ್ ಆರ್ಮ್ ಎನ್ನುತ್ತಾರೆ. ಮುಂದೆ ಎರಡು ದಾರಿಗಳಿವೆ. ಗಟ್ಟಿ ಆ್ಯಕ್ಸಲ್ ಇರುವ ಹಳೆಯ ಕಾರುಗಳಲ್ಲಿ ಪಿಟ್‌ಮನ್ ಆರ್ಮ್‌ನಿಂದ ಒಂದು ಡ್ರ್ಯಾಗ್ ಲಿಂಕ್ ಹೊರಟು ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರವನ್ನು ಇನ್ನೊಂದಕ್ಕೆ ಉದ್ದನೆಯ ಒಂದೇ ಟೈ ರಾಡ್ ಜೋಡಿಸುತ್ತದೆ. ಮುಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ಪಿಟ್‌ಮನ್ ಆರ್ಮ್ ಒಂದು ಬದಿ, ಅದರ ಕನ್ನಡಿ ಬಿಂಬದಂತೆ ಐಡ್ಲರ್ ಆರ್ಮ್ ಇನ್ನೊಂದು ಬದಿ, ಇವೆರಡರ ನಡುವೆ ಸೆಂಟರ್ ಲಿಂಕ್, ಅದರಿಂದ ಎರಡೂ ಚಕ್ರಗಳಿಗೆ ಒಂದೊಂದು ಗಿಡ್ಡ ಟೈ ರಾಡ್. ಟೈ ರಾಡ್‌ನ ಎರಡೂ ತುದಿಗಳಲ್ಲಿರುವ ಬಾಲ್ ಜಾಯಿಂಟ್‌ಗಳೇ ಟೈ ರಾಡ್ ಎಂಡ್. 1948ರ ಮೋರಿಸ್ ಮೈನರ್‌ನಂತೆ ರ್ಯಾಕ್ ಆ್ಯಂಡ್ ಪಿನಿಯನ್ ಇರುವ ಕಾರಾದರೆ ಪಿಟ್‌ಮನ್, ಐಡ್ಲರ್‌ಗಳ ಗೋಜಿಲ್ಲ. ಆದರೆ ಟೈ ರಾಡ್ ಎಂಡ್ ಮತ್ತು ಟೋ-ಇನ್ (ಮುಂಚಕ್ರಗಳ ಮುಂಭಾಗ ಎಷ್ಟು ಒಳಮುಖವಾಗಿದೆ ಎಂಬ ಅಳತೆ) ಕುರಿತು ಇಲ್ಲಿ ಹೇಳಿರುವುದೆಲ್ಲ ಅದಕ್ಕೂ ಸಲ್ಲುತ್ತದೆ.

ಸವೆದದ್ದು ಯಾವುದು

ಭಾಗಗಳನ್ನು ತರಿಸುವ ಮೊದಲು ಪರೀಕ್ಷಿಸಿ, ಮತ್ತು ಪರೀಕ್ಷೆಯನ್ನು ಚಕ್ರಗಳು ನೆಲದ ಮೇಲಿರುವಾಗಲೇ ಶುರುಮಾಡಿ. ಜಾಕ್ ಮೇಲೆ ಎತ್ತಿದಾಗ ಟೈ ರಾಡ್‌ಗಳು ಕೆಳಕ್ಕೆ ಜೋತುಬಿದ್ದು ಕೀಲುಗಳು ಬೇರೆ ಕೋನದಲ್ಲಿ ನಿಲ್ಲುತ್ತವೆ. ದಿನವೂ ಓಡಾಡಿ ಸವೆದಿರುವ ಜಾಗ ಅದಲ್ಲ. ಹಾಗಾಗಿ ಸಡಿಲವಾದ ಕೀಲೂ ಅಲ್ಲಿ ಬಿಗಿಯಾಗಿರುವಂತೆ ನಟಿಸುತ್ತದೆ.

ಒಬ್ಬರು ಒಳಗೆ ಕೂತು ಸ್ಟೀರಿಂಗ್ ವ್ಹೀಲನ್ನು ಎಡಕ್ಕೂ ಬಲಕ್ಕೂ ಚಿಕ್ಕದಾಗಿ, ಚಕ್ರ ಇನ್ನೇನು ಕದಲಬೇಕು ಎನ್ನುವಷ್ಟು ಮಾತ್ರ ಅಲ್ಲಾಡಿಸಲಿ. ನೀವು ಕೆಳಗಿನಿಂದ ಒಂದೊಂದೇ ಕೀಲಿನ ಮೇಲೆ ಕೈಯಿಡಿ, ಹೆಬ್ಬೆರಳು ರಾಡ್ ಮೇಲೆ, ಉಳಿದ ಬೆರಳುಗಳು ಆರ್ಮ್ ಮೇಲೆ. ಎರಡೂ ಒಟ್ಟಿಗೆ ಚಲಿಸಿದರೆ ಕೀಲು ಚೆನ್ನಾಗಿದೆ. ಒಂದು ಮೊದಲು, ಇನ್ನೊಂದು ತಡವಾಗಿ ಚಲಿಸಿದರೆ ಹೋಗಿದೆ. ಕಣ್ಣಿಗೆ ಕಾಣದ ಸಡಿಲವೂ ಬೆರಳಿಗೆ ಸಿಗುತ್ತದೆ. ಐಡ್ಲರ್ ಆರ್ಮನ್ನು ಮಾತ್ರ ಮೇಲೆ ಕೆಳಗೆ ಎಳೆದು ನೋಡಬೇಕು. ಅದು ಸವೆಯುವುದು ಆ ದಿಕ್ಕಿನಲ್ಲಿ, ಮತ್ತು ಎಲ್ಲರ ಕಣ್ಣು ತಪ್ಪಿಸಿಕೊಳ್ಳುವುದೂ ಅದೇ.

ಆಮೇಲೆ ಮುಂಭಾಗವನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದಿಲ್ಲ ಎನ್ನುವುದು ಚರ್ಚೆಗೆ ಬಿಟ್ಟ ವಿಷಯವಲ್ಲ. ಟೈರನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲ ಕಂಡರೆ ಅನುಮಾನ ಸ್ಟೀರಿಂಗ್ ಕೀಲುಗಳ ಮೇಲೆ. 12 ಮತ್ತು 6ರಲ್ಲಿಯೂ ಕಂಡರೆ ಕಿಂಗ್ ಪಿನ್ (ಚಕ್ರ ಎಡಕ್ಕೂ ಬಲಕ್ಕೂ ತಿರುಗುವ ಅಚ್ಚು), ಸಸ್ಪೆನ್ಷನ್ನಿನ ಬಾಲ್ ಜಾಯಿಂಟ್ ಅಥವಾ ವ್ಹೀಲ್ ಬೇರಿಂಗ್. ಒಳಗಿದ್ದವರು ಬ್ರೇಕ್ ಒತ್ತಿದಾಗ ಆ ಅಲ್ಲಾಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್ ಕಡೆಗೆ ನೋಡಿ. ಸವೆದ ಕಿಂಗ್ ಪಿನ್ ಬಿಟ್ಟು ಹೊಸ ಟೈ ರಾಡ್ ಎಂಡ್ ಹಾಕುವುದು ಸೋರುವ ಕೊಡಕ್ಕೆ ಹೊಸ ಮುಚ್ಚಳ ತಂದ ಹಾಗೆ.

ಇನ್ನೊಂದು ಎಚ್ಚರ: ಸ್ಟೀರಿಂಗ್ ಬಾಕ್ಸ್ ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂ ಬಿಗಿಮಾಡಿ ಕೀಲುಗಳ ಸಡಿಲವನ್ನು ಮುಚ್ಚಲು ಹೋಗಬೇಡಿ. ಬಾಕ್ಸ್‌ನ ಒಳಗಿನ ಗೇರ್ ನಡುಭಾಗದಲ್ಲಿ ತುಸು ಬಿಗಿ, ಎರಡೂ ಕೊನೆಗಳತ್ತ ತುಸು ಸಡಿಲ ಇರುವಂತೆಯೇ ಮಾಡಿರುತ್ತಾರೆ. ನಡುಭಾಗ ಎಲ್ಲಿದೆಯೆಂದು ನೋಡದೆ ಸ್ಕ್ರೂ ತಿರುಗಿಸಿದರೆ ನೇರ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ, ತಿರುವಿನ ನಂತರ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಕೀಲುಗಳೆಲ್ಲ ಹೊಸದಾದ ಮೇಲೂ ಸಡಿಲ ಉಳಿದರೆ ಆಗ ಬಾಕ್ಸ್‌ನ ವಿಚಾರ.

ಡಬ್ಬಿ ಬಂತು, ಈಗಲೇ ಬಿಚ್ಚಬೇಡಿ

ಹೊಸ ಭಾಗಗಳು ಬಂದ ತಕ್ಷಣ ಹಳೆಯದನ್ನು ಬಿಚ್ಚುವ ಉತ್ಸಾಹ ಸಹಜ. ಮೊದಲು ಮೇಜಿನ ಮೇಲೆ ಕೆಲಸವಿದೆ.

ಟೈ ರಾಡ್ ಎಂಡ್‌ನಿಂದ ಹೊರಚಾಚಿದ ಸ್ಟಡ್ ಎಂಬ ಗೂಟ ಬುಡದಲ್ಲಿ ದಪ್ಪ, ತುದಿಯತ್ತ ಸಣ್ಣ. ಈ ಇಳಿಜಾರಿಗೇ ಟೇಪರ್ ಎನ್ನುವುದು. ಚಕ್ರದ ಆರ್ಮ್‌ನಲ್ಲಿರುವ ತೂತೂ ಅದೇ ಇಳಿಜಾರಿನಲ್ಲಿ ಕೊರೆದಿರುತ್ತದೆ. ನಟ್ ಸ್ಟಡ್ಡನ್ನು ತೂತಿನೊಳಗೆ ಎಳೆದು ಕೂರಿಸುತ್ತದೆ. ಆದರೆ ರಸ್ತೆಯ ಏಟನ್ನೆಲ್ಲ ತಡೆದುಕೊಳ್ಳುವುದು ಟೇಪರ್ ಮೈಗೆ ಮೈ ಅಂಟಿಕೊಂಡ ಹಿಡಿತ. ಇದು ಮನಸ್ಸಿನಲ್ಲಿದ್ದರೆ ಮುಂದಿನ ಅರ್ಧ ಕೆಲಸ ತಾನಾಗಿ ಅರ್ಥವಾಗುತ್ತದೆ.

ತೊಂದರೆಯೆಂದರೆ ಟೇಪರ್ ಎಲ್ಲ ಕಾರಿಗೂ ಒಂದೇ ಅಲ್ಲ. ಅಮೆರಿಕದ ಬಹುತೇಕ ಹಳೆಯ ಕಾರುಗಳಲ್ಲಿ ಅಡಿ ಉದ್ದಕ್ಕೆ ಒಂದೂವರೆ ಇಂಚು, ಅಂದರೆ 8ಕ್ಕೆ 1. ಯೂರೋಪಿನ ಅನೇಕ ಕಾರುಗಳಲ್ಲಿ 10ಕ್ಕೆ 1. 20 ಮಿ.ಮೀ. ಉದ್ದದಲ್ಲಿ ಇವೆರಡರ ವ್ಯತ್ಯಾಸ ಬರೀ ಅರ್ಧ ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ, ಆದರೆ ತಪ್ಪು ಟೇಪರ್ ತೂತಿನ ಒಂದೇ ಅಂಚನ್ನು ಹಿಡಿದು ನಿಲ್ಲುತ್ತದೆ, ನಾಲ್ಕು ದಿನ ಓಡಿದ ಮೇಲೆ ಕುಣಿಯಲು ಶುರುಮಾಡುತ್ತದೆ.

ಒಮ್ಮೆ ನನಗೆ ಬಂದ ಡಬ್ಬಿಯ ಮೇಲೆ ಸಂಖ್ಯೆ ಸರಿಯಾಗಿಯೇ ಇತ್ತು. ಥ್ರೆಡ್ ಸರಿ, ಉದ್ದ ಸರಿ, ಹಳೆಯದರ ಪಕ್ಕದಲ್ಲಿಟ್ಟರೆ ಅವಳಿ. ಆದರೂ ಅಭ್ಯಾಸದಂತೆ ಸ್ಟಡ್ ಮೇಲೆ ಮಾರ್ಕರ್ ಪೆನ್ನಿನಿಂದ ಬುಡದಿಂದ ತುದಿಯವರೆಗೆ ನಾಲ್ಕು ಗೆರೆ ಎಳೆದೆ. ಕಾರಿನ ಇನ್ನೊಂದು ಬದಿಯಲ್ಲಿ ಆಗಲೇ ಬಿಚ್ಚಿಟ್ಟಿದ್ದ ಆರ್ಮ್‌ನ ತೂತನ್ನು ಒರೆಸಿ, ಸ್ಟಡ್ಡನ್ನು ಒಣದಾಗಿಯೇ ಒಳಗೆ ತಳ್ಳಿ, ಅಂಗೈಯಿಂದ ಒತ್ತಿ ಕಾಲು ಸುತ್ತು ತಿರುಗಿಸಿ ಹೊರತೆಗೆದೆ. ನಾಲ್ಕೂ ಗೆರೆಗಳು ಬುಡದ ಹತ್ತಿರ ಎರಡು ಮಿಲಿಮೀಟರಿನಷ್ಟು ಅಳಿಸಿದ್ದವು. ಅದರಾಚೆ ಶಾಯಿ ಹಾಗೆಯೇ ಹೊಳೆಯುತ್ತಿತ್ತು. ದಪ್ಪ ತುದಿಯಲ್ಲಿ ಮಾತ್ರ ತಾಗುತ್ತಿದೆ, ಉಳಿದದ್ದೆಲ್ಲ ಗಾಳಿ. ಡಬ್ಬಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಸರಿಯಾದ ಟೇಪರ್‌ನಲ್ಲಿ ಶಾಯಿ ಉದ್ದಕ್ಕೂ ಹೆಚ್ಚುಕಡಿಮೆ ಸಮನಾಗಿ ಅಳಿಸಬೇಕು. ಒಂದು ಬದಿಯ ಗೆರೆ ಅಳಿಸಿ ಎದುರು ಬದಿಯದು ಉಳಿದರೆ ತಪ್ಪು ಹೊಸ ಭಾಗದ್ದಲ್ಲ, ಆರ್ಮ್‌ನ ತೂತೇ ಮೊಟ್ಟೆಯಾಕಾರವಾಗಿದೆ. ಆಗ ಆರ್ಮನ್ನೇ ಬದಲಿಸಬೇಕು.

ಇದೇ ಹೊತ್ತಿನಲ್ಲಿ ನೋಡಬೇಕಾದ ಇನ್ನೆರಡು ಸಂಗತಿಗಳಿವೆ. ಒಂದು, ಥ್ರೆಡ್. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬಿಎಸ್‌ಎಫ್, ಆಮೇಲಿನವುಗಳಲ್ಲಿ ಯುಎನ್‌ಎಫ್, ಯೂರೋಪಿನವುಗಳಲ್ಲಿ ಮೆಟ್ರಿಕ್. ಕೆಲವು ಕಾರುಗಳಲ್ಲಿ ಹಿಂದಿನ ಮಾಲೀಕರ ಕೃಪೆಯಿಂದ ಎಲ್ಲವೂ. ನಟ್ ಮೊದಲೆರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಸ್ಪ್ಯಾನರ್ ಎತ್ತಬೇಡಿ. ಎರಡು, ಎಡ ಥ್ರೆಡ್ ಮತ್ತು ಬಲ ಥ್ರೆಡ್. ನಡುವಿನ ತೋಳು (ಎರಡೂ ತುದಿಗಳನ್ನು ಜೋಡಿಸುವ ಥ್ರೆಡ್ ಇರುವ ಕೊಳವೆ, ಸ್ಲೀವ್) ಅಥವಾ ರಾಡ್ ತಿರುಗಿಸಿದಾಗ ಉದ್ದ ಹೆಚ್ಚುಕಡಿಮೆ ಆಗುವ ಜೋಡಣೆಗಳಲ್ಲಿ ಒಂದು ತುದಿ ಬಲ ಥ್ರೆಡ್, ಇನ್ನೊಂದು ಎಡ. ಎರಡೂ ಬಂದಿವೆಯೇ ಎಣಿಸಿಕೊಳ್ಳಿ.

ಅಳೆದು ಬರೆದಿಡುವುದು

ಚಕ್ರಗಳನ್ನು ನೇರಕ್ಕಿಟ್ಟು, ಏನನ್ನೂ ಸಡಿಲಿಸುವ ಮೊದಲು, ಒಂದು ಹಾಳೆಯಲ್ಲಿ ಬರೆಯಿರಿ: ಪ್ರತಿ ಟೈ ರಾಡ್‌ನ ಒಂದು ಸ್ಟಡ್‌ನ ನಡುವಿನಿಂದ ಇನ್ನೊಂದು ಸ್ಟಡ್‌ನ ನಡುವಿನವರೆಗಿನ ಉದ್ದ, ಪ್ರತಿ ತುದಿಯಲ್ಲಿ ಹೊರಗೆ ಕಾಣುವ ಥ್ರೆಡ್‌ಗಳ ಎಣಿಕೆ, ತೋಳನ್ನು ಬಿಗಿದಿಡುವ ಕ್ಲಾಂಪ್‌ಗಳ ಬೋಲ್ಟ್ ಯಾವ ಕಡೆಗೆ ಮುಖ ಮಾಡಿವೆ, ಗ್ರೀಸ್ ನಿಪ್ಪಲ್ ಎತ್ತ ಇದೆ. ಫೋಟೋ ತೆಗೆಯಿರಿ, ಆದರೆ ಫೋಟೋವನ್ನೇ ನಂಬಬೇಡಿ. ಗ್ರೀಸ್ ಮೆತ್ತಿದ ಕಪ್ಪು ರಾಡ್‌ಗಳ ಫೋಟೋ ವಾರದ ನಂತರ ಒಂದರಂತೆ ಇನ್ನೊಂದು ಕಾಣುತ್ತದೆ. ಎಡ ಬಲ ಟೈ ರಾಡ್‌ಗಳ ಉದ್ದ ಒಂದೇ ಇರಲೇಬೇಕು ಎಂದೂ ಭಾವಿಸಬೇಡಿ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಒಂದು ಉದ್ದ, ಒಂದು ಗಿಡ್ಡ.

ಪಿಟ್‌ಮನ್ ಆರ್ಮ್ ತೆಗೆಯುವುದಿದ್ದರೆ ಆರ್ಮ್ ಮತ್ತು ಶಾಫ್ಟ್ ಎರಡರ ಮೇಲೂ ಸಾಗುವಂತೆ ಒಂದೇ ಗೆರೆ ಗೀರಿ. ಬಣ್ಣ ಬೇಡ, ಪೆಟ್ರೋಲಿನಲ್ಲಿ ತೊಳೆದಾಗ ಹೋಗುತ್ತದೆ. ಚೂಪಾದ ಉಳಿಯಿಂದ ಸಣ್ಣ ಗುರುತು ಹಾಕಿ.

ಬಿಚ್ಚುವುದು

ಹಿಂದಿನ ರಾತ್ರಿಯೇ ಎಲ್ಲ ನಟ್‌ಗಳಿಗೂ ಕ್ಲಾಂಪ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ವೈರ್ ಬ್ರಷ್‌ನಿಂದ ಥ್ರೆಡ್ ಸ್ವಚ್ಛಮಾಡಿ. ಕ್ಯಾಸಲ್ ನಟ್‌ನ ಸೀಳುಗಳಲ್ಲಿ ತೂರಿರುವ ಸ್ಪ್ಲಿಟ್ ಪಿನ್ ತುಕ್ಕು ಹಿಡಿದು ಮುರಿದರೆ ಗಾಬರಿಯಾಗಬೇಡಿ. ನಟ್ ತಿರುಗಿಸಿದರೆ ಉಳಿದ ಚೂರು ತಾನೇ ಕತ್ತರಿಸಿಹೋಗುತ್ತದೆ. ಈ ಸ್ಟಡ್ ಹೇಗೂ ಎಸೆಯುವುದು ತಾನೆ.

ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಉಳಿಸಿ. ಟೇಪರ್ ಬಿಟ್ಟಾಗ ರಾಡ್ ಮುಖದ ಮೇಲೆ ಬೀಳದಿರಲು ಇದೇ ಕಾವಲು.

ಈಗ ಟೇಪರ್ ಬಿಡಿಸಬೇಕು. ಹೊಸಬರೆಲ್ಲ ಮೊದಲು ಮಾಡುವುದು ಸ್ಟಡ್‌ನ ತುದಿಗೆ ಸುತ್ತಿಗೆ ಬೀಸುವುದು. ನಾನೂ ಮಾಡಿದ್ದೇನೆ. ತುದಿ ಅಣಬೆಯ ಹಾಗೆ ಅರಳಿತು, ನಟ್ ಹಿಂದಕ್ಕೆ ಬರಲಿಲ್ಲ, ಸ್ಟಡ್ ಕೂತಲ್ಲೇ ಕೂತಿತ್ತು. ಕೊನೆಗೆ ಗರಗಸ ಹಿಡಿಯಬೇಕಾಯಿತು. ಹೊಡೆಯಬೇಕಾದದ್ದು ಸ್ಟಡ್ಡಿಗಲ್ಲ, ಅದನ್ನು ಹಿಡಿದಿರುವ ಆರ್ಮ್‌ನ ಕಣ್ಣಿನ (ತೂತಿನ ಸುತ್ತಲಿನ ಉಂಗುರದ) ಪಕ್ಕಕ್ಕೆ. ಒಂದು ಭಾರದ ಸುತ್ತಿಗೆಯನ್ನು ಕಣ್ಣಿನ ಒಂದು ಬದಿಗೆ ಒತ್ತಿ ಹಿಡಿಯಿರಿ, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಹೊಡೆಯಿರಿ. ಏಟಿಗೆ ಕಣ್ಣು ಕ್ಷಣಮಾತ್ರ ಅಂಡಾಕಾರವಾಗಿ ಸ್ಟಡ್ಡಿನ ಹಿಡಿತ ಬಿಡುತ್ತದೆ. ಮೂರನೆಯದೋ ಹತ್ತನೆಯದೋ ಏಟಿಗೆ ಸದ್ದು ಬದಲಾಗುತ್ತದೆ: ಅಲ್ಲಿಯವರೆಗೆ ‘ಠಣ್’ ಎನ್ನುತ್ತಿದ್ದದ್ದು ‘ಟಪ್’ ಎನ್ನುತ್ತದೆ, ರಾಡ್ ಜಾರಿ ನಟ್ ಮೇಲೆ ಕೂರುತ್ತದೆ. ಈ ಕೆಲಸದಲ್ಲಿ ಇಷ್ಟು ಖುಷಿ ಕೊಡುವ ಸದ್ದು ಇನ್ನೊಂದಿಲ್ಲ.

ಬಾಲ್ ಜಾಯಿಂಟ್ ಪುಲ್ಲರ್ ಇದ್ದರೆ ಅದನ್ನು ಬಿಗಿಮಾಡಿ ಒತ್ತಡ ಇಟ್ಟು, ಆಮೇಲೆ ಆರ್ಮ್‌ನ ಕಣ್ಣಿಗೆ ಒಂದೇಟು ಕೊಡಿ. ಎರಡೂ ಸೇರಿದರೆ ಬಿಡದ ಟೇಪರ್ ಅಪರೂಪ. ಕವೆಗೋಲಿನಂತಹ ಫೋರ್ಕ್ ನುಗ್ಗಿಸಿದರೆ ಕೀಲನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿಯುವುದು ಖಚಿತ, ಹಾಗಾಗಿ ಅದು ಎಸೆಯುವ ಕೀಲಿಗೆ ಮಾತ್ರ. ಆರ್ಮ್‌ಗಳನ್ನು ಗ್ಯಾಸ್ ಜ್ವಾಲೆಯಿಂದ ಕೆಂಪಗೆ ಕಾಯಿಸಬೇಡಿ. ಅವು ಹದಗೊಳಿಸಿದ ಉಕ್ಕು. ಹದ ಕೆಟ್ಟದ್ದು ಹೊರಗೆ ಕಾಣದು, ರಸ್ತೆಯಲ್ಲಿ ಬಾಗಿದಾಗಲೇ ತಿಳಿಯುವುದು. ಬಾಗಿದ ಆರ್ಮನ್ನು ಬಡಿದು ನೇರ ಮಾಡುವುದು, ಬಿರುಕಿಗೆ ವೆಲ್ಡಿಂಗ್ ಮಾಡುವುದು, ಇವೆರಡಕ್ಕೂ ಸ್ಟೀರಿಂಗ್‌ನಲ್ಲಿ ಜಾಗವಿಲ್ಲ.

ಹಳೆಯ ಟೈ ರಾಡ್ ಎಂಡನ್ನು ತೋಳಿನಿಂದ ಬಿಚ್ಚುವಾಗ ಕ್ಲಾಂಪ್ ಪೂರ್ತಿ ಸಡಿಲಿಸಿ, ತೋಳಿನ ಸೀಳಿಗೆ ಎಣ್ಣೆ ಬಿಟ್ಟು, ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಬಂತೆಂದು ಎಣಿಸಿ ಬರೆಯಿರಿ. ಎಡ ಥ್ರೆಡ್ ತುದಿ ಉಲ್ಟಾ ತಿರುಗುತ್ತದೆ ಎನ್ನುವುದನ್ನು ಮರೆತು ಬಿಗಿಮಾಡುತ್ತಾ ಕೂತವರಲ್ಲಿ ನೀವು ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ.

ಪಿಟ್‌ಮನ್ ಮತ್ತು ಐಡ್ಲರ್

ಪಿಟ್‌ಮನ್ ಆರ್ಮ್‌ಗೆ ಸುತ್ತಿಗೆ ಮುಟ್ಟಿಸಬೇಡಿ. ಆ ಏಟು ನೇರ ಸ್ಟೀರಿಂಗ್ ಬಾಕ್ಸ್‌ನ ಒಳಗಿನ ಬೇರಿಂಗ್ ಮತ್ತು ಗೇರ್‌ಗೆ ಹೋಗಿ ಗುಳಿ ಬೀಳಿಸುತ್ತದೆ. ಇದಕ್ಕೆಂದೇ ಇರುವ ಗಟ್ಟಿ ಪುಲ್ಲರ್ ಬಾಡಿಗೆಗಾದರೂ ತನ್ನಿ. ಕೀಲುಗಳೆಲ್ಲ ಬಿಚ್ಚಿರುವಾಗ ಸ್ಟೀರಿಂಗ್ ವ್ಹೀಲನ್ನು ಕೊನೆಯವರೆಗೆ ರಭಸದಿಂದ ತಿರುಗಿಸುವುದೂ ಕೂಡದು. ಚಕ್ರಗಳ ತಡೆ ಇಲ್ಲದ್ದರಿಂದ ಬಾಕ್ಸ್‌ನ ಒಳಭಾಗಗಳೇ ಏಟು ತಿನ್ನುತ್ತವೆ. ಮೆಲ್ಲಗೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಅದರ ಅರ್ಧಕ್ಕೆ ಹಿಂದಕ್ಕೆ ಬನ್ನಿ. ಅದೇ ಬಾಕ್ಸ್‌ನ ನಿಜವಾದ ನಡು. ಹೊಸ ಪಿಟ್‌ಮನ್ ಆರ್ಮನ್ನು ಗುರುತಿಗೆ ಸರಿಯಾಗಿ ಕೂರಿಸಿ, ನಟ್ಟನ್ನು ಟಾರ್ಕ್ ರೆಂಚ್‌ನಿಂದಲೇ ಬಿಗಿಮಾಡಿ. ದೊಡ್ಡ ಕಾರುಗಳಲ್ಲಿ ಇದು 200 ನ್ಯೂಟನ್ ಮೀಟರ್ ದಾಟುವುದುಂಟು. ‘ಕೈಯಂದಾಜು’ ಇಲ್ಲಿ ಸಾಲದು.

ಐಡ್ಲರ್ ಆರ್ಮ್‌ನಲ್ಲಿ ರಬ್ಬರ್ ಬುಷ್ ಇದ್ದರೆ ಅದರ ನಟ್ಟನ್ನು ಚಕ್ರಗಳು ನೇರ ಇರುವಾಗಲೇ ಕೊನೆಯ ಬಿಗಿ ಕೊಡಬೇಕು. ಆರ್ಮ್ ಪಕ್ಕಕ್ಕೆ ತಿರುಗಿರುವಾಗ ಬಿಗಿಮಾಡಿದರೆ ರಬ್ಬರ್ ಆ ಸ್ಥಿತಿಯನ್ನೇ ತನ್ನ ವಿಶ್ರಾಂತಿಯ ಜಾಗವೆಂದು ತಿಳಿದು, ಕಾರನ್ನು ಸದಾ ಆ ಕಡೆಗೆ ಎಳೆಯುತ್ತದೆ. ಹೊಸ ಟೈರ್, ಅಲೈನ್‌ಮೆಂಟ್ ಎಲ್ಲ ಮಾಡಿಸಿಯೂ ಒಂದೇ ಕಡೆಗೆ ಎಳೆಯುವ ಕಾರುಗಳಲ್ಲಿ ನಾನು ಮೊದಲು ಸಡಿಲಿಸಿ ನೋಡುವುದು ಈ ನಟ್ಟನ್ನೇ. ಥ್ರೆಡ್ ಇರುವ ಲೋಹದ ಬುಷ್ ಆದರೆ ಪೂರ್ತಿ ಒಳಗೆ ತಿರುಗಿಸಿ, ಕೈಪಿಡಿ ಹೇಳಿದಷ್ಟು ಹಿಂದಕ್ಕೆ ಬಿಟ್ಟು ನಿಲ್ಲಿಸಿ. ಆರ್ಮ್ ಎರಡೂ ಕಡೆ ಸಲೀಸಾಗಿ ತಿರುಗಬೇಕು. ಐಡ್ಲರ್‌ನ ಬ್ರ್ಯಾಕೆಟ್ಟಿನ ತೂತುಗಳು ಉದ್ದಕ್ಕಿದ್ದರೆ ಎತ್ತರ ಹೊಂದಿಸಬಹುದು ಎಂದರ್ಥ. ಸೆಂಟರ್ ಲಿಂಕ್‌ನ ಎರಡೂ ತುದಿಗಳು ಒಂದೇ ಮಟ್ಟದಲ್ಲಿರುವಂತೆ ನೋಡಿಕೊಳ್ಳಿ. ಒಂದು ಬದಿ ಮೇಲಾದರೆ ರಸ್ತೆಯ ಪ್ರತಿ ಉಬ್ಬಿಗೂ ಚಕ್ರಗಳು ತಾವಾಗಿ ತಿರುಗುತ್ತವೆ.

ಕೂರಿಸುವುದು

ತೋಳಿನ ಥ್ರೆಡ್‌ಗಳಿಗೆ ತುಕ್ಕು ಹಿಡಿಯದ ಪೇಸ್ಟ್ ಹಚ್ಚಿ, ಹೊಸ ತುದಿಗಳನ್ನು ಬರೆದಿಟ್ಟಷ್ಟೇ ಸುತ್ತು ಒಳಗೆ ತಿರುಗಿಸಿ. ಹೊಸ ಕೀಲಿನ ಮೈ ಹಳೆಯದಕ್ಕಿಂತ ಒಂದೆರಡು ಮಿಲಿಮೀಟರ್ ಉದ್ದ ಗಿಡ್ಡ ಇರುವುದುಂಟು. ಆದ್ದರಿಂದ ಕೊನೆಯ ಮಾತು ಸುತ್ತಿನ ಎಣಿಕೆಯದಲ್ಲ, ಸ್ಟಡ್‌ನಿಂದ ಸ್ಟಡ್‌ಗೆ ಅಳೆದ ಉದ್ದದ್ದು. ಎರಡೂ ತುದಿಗಳಲ್ಲಿ ಒಳಗೆ ಹೋದ ಥ್ರೆಡ್ ಹೆಚ್ಚುಕಡಿಮೆ ಸಮನಾಗಿರಲಿ. ಒಂದು ತುದಿ ನಾಲ್ಕೇ ಥ್ರೆಡ್ ಹಿಡಿದು ನೇತಾಡುವ ಹಾಗಾಗಬಾರದು.

ಟೇಪರ್‌ಗೆ ಮಾತ್ರ ಎಣ್ಣೆ, ಗ್ರೀಸ್, ಪೇಸ್ಟ್ ಯಾವುದೂ ಬೇಡ. ಸ್ಟಡ್ ಮತ್ತು ತೂತು ಎರಡನ್ನೂ ಪೆಟ್ರೋಲಿನಿಂದ ಒರೆಸಿ, ಒಣಗಿಸಿ, ಒಣದಾಗಿಯೇ ಸೇರಿಸಿ. ಜಿಡ್ಡಿದ್ದರೆ ನಟ್ ಸ್ಟಡ್ಡನ್ನು ಬೇಕಾದ್ದಕ್ಕಿಂತ ಒಳಗೆ ಎಳೆದು ಕಣ್ಣನ್ನು ಹಿಗ್ಗಿಸುತ್ತದೆ.

ನಟ್ ಬಿಗಿಮಾಡುವಾಗ ಸ್ಟಡ್ಡೇ ಸುತ್ತತೊಡಗುವುದು ಎಲ್ಲರೂ ಎದುರಿಸುವ ಕಿರಿಕಿರಿ. ಕೀಲಿನ ತಳಕ್ಕೆ ಸಣ್ಣ ಜಾಕ್ ಕೊಟ್ಟು ಮೇಲಕ್ಕೆ ಒತ್ತಿದರೆ ಟೇಪರ್ ಹಿಡಿದುಕೊಂಡು ಸ್ಟಡ್ ನಿಲ್ಲುತ್ತದೆ. ಅದೇ ಥ್ರೆಡ್ಡಿನ ಸಾಮಾನ್ಯ ನಟ್ ಒಂದಿದ್ದರೆ ಮೊದಲು ಅದರಿಂದ ಟೇಪರ್ ಎಳೆದು ಕೂರಿಸಿ, ತೆಗೆದು, ಆಮೇಲೆ ಕ್ಯಾಸಲ್ ನಟ್ ಹಾಕುವುದು ನನ್ನ ಪದ್ಧತಿ.

ಟಾರ್ಕ್ ಅಂಕಿ ನಿಮ್ಮ ಕಾರಿನ ಕೈಪಿಡಿಯದ್ದೇ ಆಗಬೇಕು. ಆ ಅಂಕಿಗೆ ಬಂದಾಗ ನಟ್‌ನ ಸೀಳು ಸ್ಟಡ್‌ನ ತೂತಿಗೆ ನೇರವಾಗದಿದ್ದರೆ ಮುಂದಿನ ಸೀಳಿನವರೆಗೆ ಬಿಗಿಮಾಡಿ. ಹಿಂದಕ್ಕೆ ಬಿಡುವುದು ಎಂದಿಗೂ ಇಲ್ಲ. ಇಲ್ಲಿಯೂ ತೂತಿನ ಜಾಗ ಏನೋ ಹೇಳುತ್ತಿರುತ್ತದೆ: ತೂತು ನಟ್‌ನ ನೆತ್ತಿಗಿಂತ ಮೇಲೆ ಬಂದಿದ್ದರೆ ಸ್ಟಡ್ ಅತಿಯಾಗಿ ಒಳಗೆ ಹೋಗಿದೆ, ಕಣ್ಣು ಸವೆದಿದೆ ಅಥವಾ ಸ್ಟಡ್ ಸಣ್ಣದು. ಅಡಿಗೆ ವಾಷರ್ ಹಾಕಿ ಹೊಂದಿಸಿದವರನ್ನು ಕಂಡಿದ್ದೇನೆ. ಅದು ಪರಿಹಾರವಲ್ಲ, ಸಾಕ್ಷ್ಯನಾಶ. ಸ್ಪ್ಲಿಟ್ ಪಿನ್ ಯಾವಾಗಲೂ ಹೊಸದು, ತೂತಿಗೆ ಸರಿಯಾಗಿ ತುಂಬುವ ದಪ್ಪದ್ದು. ಒಂದು ಕಾಲು ಸ್ಟಡ್‌ನ ನೆತ್ತಿಯ ಮೇಲೆ ಮಡಚಿ, ಇನ್ನೊಂದು ಕೆಳಕ್ಕೆ ನಟ್‌ನ ಮೈಗೆ. ನೈಲಾನ್ ಉಂಗುರದ ನಟ್ ಬಳಸುವ ಕಾರಾದರೆ ಅದನ್ನೂ ಹೊಸದು ಹಾಕಿ.

ಸಾಲಾಗಿ ಎಲ್ಲ ಕೀಲುಗಳಿಗೂ ಪಿನ್ ಬಿದ್ದಿದೆಯೇ ಎಂದು ನೋಡಿ, ಪ್ರತಿ ನಟ್ಟಿಗೂ ಒಂದು ಬಿಳಿ ಚುಕ್ಕೆ ಇಡಿ. ಊಟಕ್ಕೆಂದು ಎದ್ದುಹೋಗಿ ಬಂದಾಗ ಯಾವುದು ಆಗಿದೆ, ಯಾವುದು ಇಲ್ಲ ಎಂಬ ಗೊಂದಲ ಇರುವುದಿಲ್ಲ.

ಗ್ರೀಸ್ ನಿಪ್ಪಲ್ ಇದ್ದರೆ ಚಾಸಿ ಗ್ರೀಸ್ ತುಂಬಿ. ಬೂಟ್ ತುಸು ಉಬ್ಬಿದೊಡನೆ ನಿಲ್ಲಿಸಿ. ಒಡೆಯುವವರೆಗೆ ಒತ್ತಿದರೆ ಹೊಸ ಕೀಲಿಗೆ ಮೊದಲ ದಿನವೇ ಧೂಳಿನ ಬಾಗಿಲು ತೆರೆದಂತೆ.

ಸ್ಪ್ರಿಂಗ್ ಇರುವ ಹಳೆಯ ನಮೂನೆ

1930ರ ದಶಕದ ಕಾರುಗಳಲ್ಲಿ, ಹಳೆಯ ಜೀಪುಗಳಲ್ಲಿ ಡ್ರ್ಯಾಗ್ ಲಿಂಕ್‌ನ ತುದಿ ಮುಚ್ಚಿದ ಬಾಲ್ ಜಾಯಿಂಟ್ ಅಲ್ಲ. ಕೊಳವೆಯೊಳಗೆ ಸ್ಪ್ರಿಂಗ್, ಬಟ್ಟಲಿನಂತಹ ಎರಡು ಸೀಟ್, ನಡುವೆ ಆರ್ಮ್‌ನ ಗುಂಡು, ಕೊನೆಯಲ್ಲಿ ತಿರುಗಿಸಿ ಮುಚ್ಚುವ ಪ್ಲಗ್. ಇಲ್ಲಿ ಸೀಟುಗಳನ್ನೂ ಸ್ಪ್ರಿಂಗನ್ನೂ ಬದಲಿಸಬಹುದು, ಆದರೆ ಮೊದಲು ಗುಂಡನ್ನು ಕ್ಯಾಲಿಪರ್‌ನಿಂದ ಎರಡು ದಿಕ್ಕಿನಲ್ಲಿ ಅಳೆಯಿರಿ. ಗುಂಡು ಗುಂಡಗಿಲ್ಲದಿದ್ದರೆ ಹೊಸ ಸೀಟು ವ್ಯರ್ಥ. ತೆಗೆದ ಅನುಕ್ರಮದಲ್ಲೇ ಭಾಗಗಳನ್ನು ಒಂದು ತಂತಿಗೆ ಪೋಣಿಸಿಡಿ, ಏಕೆಂದರೆ ಎರಡು ತುದಿಗಳಲ್ಲಿ ಸ್ಪ್ರಿಂಗ್ ಇರುವ ಬದಿ ಬೇರೆ ಬೇರೆ ಆಗಿರಬಹುದು. ಸೇರಿಸುವಾಗ ಪ್ಲಗ್ಗನ್ನು ಗಟ್ಟಿಯಾಗಿ ನಿಲ್ಲುವವರೆಗೆ ತಿರುಗಿಸಿ, ಕೈಪಿಡಿ ಹೇಳಿದಷ್ಟು ಹಿಂದಕ್ಕೆ ಬಿಟ್ಟು (ಸಾಮಾನ್ಯವಾಗಿ ಅರ್ಧದಿಂದ ಒಂದು ಸುತ್ತು) ಸ್ಪ್ಲಿಟ್ ಪಿನ್ ತೂರಿಸಿ. ಈ ಪ್ಲಗ್‌ನಲ್ಲಿ ಮಾತ್ರ ಹಿಂದಕ್ಕೆ ಬಿಡುವುದು ಸರಿ.

ಟೋ-ಇನ್

ಅಂಗಡಿಯ ಯಂತ್ರಕ್ಕೆ ಕಾರನ್ನು ಒಯ್ಯುವುದಾದರೂ, ಅಲ್ಲಿಯವರೆಗೆ ಓಡಿಸಿಕೊಂಡು ಹೋಗುವ ಮಟ್ಟಕ್ಕೆ ಇದನ್ನು ನೀವೇ ಮಾಡಬೇಕು. ನನ್ನ ಅನುಭವದಲ್ಲಿ ತಾಳ್ಮೆಯಿಂದ ಮಾಡಿದರೆ ಯಂತ್ರದ ಅಳತೆಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ.

ಮೊದಲು ಟೈರುಗಳ ಗಾಳಿ ಸರಿಮಾಡಿ. ಸಮತಟ್ಟಾದ ನೆಲದಲ್ಲಿ ಬಂಪರನ್ನು ನಾಲ್ಕಾರು ಬಾರಿ ಒತ್ತಿ ಬಿಟ್ಟು ಸಸ್ಪೆನ್ಷನ್ ಕೂರಲು ಬಿಡಿ. ಇದಕ್ಕೂ ಮುಂಚೆ, ಚಕ್ರ ಎತ್ತಿರುವಾಗಲೇ ಟೈರಿನ ನಡುವೆ ಸುತ್ತಲೂ ಸುಣ್ಣ ಬಳಿದು, ಚಕ್ರ ತಿರುಗಿಸುತ್ತಾ ಮೊಳೆಯೊಂದನ್ನು ಅಲ್ಲಾಡದಂತೆ ಹಿಡಿದು ಸಣ್ಣ ಗೆರೆ ಗೀರಿ. ಟೈರಿನ ಹೂವನ್ನೇ ನಂಬಿದರೆ ಅದರ ಓರೆಕೋರೆಯೂ ಅಳತೆಗೆ ಸೇರುತ್ತದೆ. ಕಾರನ್ನು ಮುಂದಕ್ಕೆ ತಳ್ಳಿ ನಿಲ್ಲಿಸಿ, ಹಿಂದಕ್ಕೆ ತಳ್ಳಬೇಡಿ. ಹಿಂದಕ್ಕೆ ತಳ್ಳಿದರೆ ಕೀಲುಗಳು ತದ್ವಿರುದ್ಧ ದಿಕ್ಕಿಗೆ ಒರಗಿ ಅಂಕಿ ಸುಳ್ಳಾಗುತ್ತದೆ. ಚಕ್ರದ ನಡುಮಟ್ಟದ ಎತ್ತರದಲ್ಲಿ, ಎರಡೂ ಟೈರಿನ ಗೆರೆಗಳ ನಡುವಿನ ದೂರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಹಿಂದೆ 1321, ಮುಂದೆ 1318 ಬಂದರೆ 3 ಮಿ.ಮೀ. ಟೋ-ಇನ್.

ಹಿಂಚಕ್ರ ಚಾಲನೆಯ ಹಳೆಯ ಕಾರುಗಳಿಗೆ ಆ ಕಾಲದ ಅಡ್ಡ ಪದರದ (ಕ್ರಾಸ್-ಪ್ಲೈ) ಟೈರುಗಳಲ್ಲಿ ಒಂದೂವರೆಯಿಂದ ಮೂರು ಮಿ.ಮೀ. ಸಾಮಾನ್ಯ. ಓಡುವಾಗ ರಸ್ತೆಯ ತಡೆ ಚಕ್ರಗಳನ್ನು ಹೊರಕ್ಕೆ ತಳ್ಳುವುದರಿಂದ ನಿಂತಾಗ ಸ್ವಲ್ಪ ಒಳಮುಖ ಇಡುತ್ತಾರೆ. ರೇಡಿಯಲ್ ಟೈರ್ ಹಾಕಿದ್ದರೆ ಈ ಮಿತಿಯ ಕೆಳತುದಿಯೇ ಸಾಕು.

ಟೈ ರಾಡ್ ಆ್ಯಕ್ಸಲಿನ ಹಿಂದಿದ್ದರೆ ಅದನ್ನು ಉದ್ದ ಮಾಡಿದಾಗ ಟೋ-ಇನ್ ಹೆಚ್ಚುತ್ತದೆ, ಮುಂದಿದ್ದರೆ ಕಡಿಮೆಯಾಗುತ್ತದೆ. ಎಷ್ಟು ತಿರುಗಿಸಬೇಕು ಎನ್ನುವಲ್ಲಿ ಬಹಳ ಮಂದಿ ಎಡವುತ್ತಾರೆ. ಒಂದೂವರೆ ಮಿ.ಮೀ. ಪಿಚ್‌ನ ಎಡ ಬಲ ಥ್ರೆಡ್ ಇರುವ ತೋಳನ್ನು ಒಂದು ಸುತ್ತು ತಿರುಗಿಸಿದರೆ ರಾಡ್ 3 ಮಿ.ಮೀ. ಉದ್ದವಾಗುತ್ತದೆ, 150 ಮಿ.ಮೀ. ಆರ್ಮ್, 650 ಮಿ.ಮೀ. ಟೈರ್ ಆದರೆ ಅಳತೆಯಲ್ಲಿ ಅದು 13 ಮಿ.ಮೀ. ಬದಲಾವಣೆ. ಕಾಲು ಸುತ್ತಿಗೇ 3 ಮಿ.ಮೀ. ಕಳೆದು ಹೋಗುತ್ತದೆ. ಆದ್ದರಿಂದ ತೋಳನ್ನು ಸುತ್ತಬೇಡಿ, ತಳ್ಳಿ. ಪ್ರತಿ ಬದಲಾವಣೆಯ ನಂತರ ಕಾರನ್ನು ಎರಡು ಮೀಟರ್ ಮುಂದಕ್ಕೆ ಉರುಳಿಸಿ ಮತ್ತೆ ಅಳೆಯಿರಿ.

ಎರಡು ಟೈ ರಾಡ್‌ಗಳಿದ್ದರೆ ಎರಡನ್ನೂ ಸಮವಾಗಿ ಬದಲಿಸಿ, ಇಲ್ಲವಾದರೆ ಸ್ಟೀರಿಂಗ್ ವ್ಹೀಲಿನ ಕಡ್ಡಿಗಳು ಓರೆಯಾಗಿ ನಿಲ್ಲುತ್ತವೆ. ಆಗ ವ್ಹೀಲನ್ನೇ ಕಿತ್ತು ನೇರಕ್ಕೆ ಹಾಕುವುದು ಸುಲಭದ ಆಸೆ. ಆದರೆ ಹಾಗೆ ಮಾಡಿದರೆ ಬಾಕ್ಸ್‌ನ ಬಿಗಿಯಾದ ನಡುಭಾಗ ಪಕ್ಕಕ್ಕೆ ಸರಿದೇ ಉಳಿಯುತ್ತದೆ. ಬದಲು, ಬಾಕ್ಸನ್ನು ನಡುವಿಗೆ ತಂದು ವ್ಹೀಲನ್ನು ಹಗ್ಗದಿಂದ ಕಟ್ಟಿ. ಹಿಂದಿನ ಟೈರಿಗೆ ತಾಗಿಸಿ ಮುಂದಕ್ಕೆ ದಾರ ಎಳೆದು, ಪ್ರತಿ ಮುಂಚಕ್ರವೂ ದಾರಕ್ಕೆ ಒಂದೇ ಓರೆಯಲ್ಲಿ ನಿಲ್ಲುವಂತೆ ಆಯಾ ಬದಿಯ ತೋಳನ್ನು ಹೊಂದಿಸಿ. ಒಂದೇ ಟೈ ರಾಡ್ ಇರುವ ಗಟ್ಟಿ ಆ್ಯಕ್ಸಲ್ ಕಾರಿನಲ್ಲಿ ಟೋ-ಇನ್ ಟೈ ರಾಡ್‌ನ ಕೆಲಸ, ವ್ಹೀಲಿನ ನೇರ ಡ್ರ್ಯಾಗ್ ಲಿಂಕ್‌ನ ಕೆಲಸ.

ಕ್ಲಾಂಪ್ ಬಿಗಿಮಾಡುವ ಮುನ್ನ ಟೈ ರಾಡನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಹೊರಳಿಸಿ. ಎರಡೂ ತುದಿಯ ಕೀಲುಗಳು ತಮ್ಮ ಓಲಾಟದ ನಡುವಿನಲ್ಲಿರಬೇಕು. ಒಂದು ಪೂರ್ತಿ ಮುಂದಕ್ಕೆ, ಇನ್ನೊಂದು ಪೂರ್ತಿ ಹಿಂದಕ್ಕೆ ವಾಲಿದ್ದರೆ ಚಕ್ರ ಹಳ್ಳಕ್ಕೆ ಇಳಿದಾಗ ಕೀಲು ಕಚ್ಚಿಕೊಂಡು ಸ್ಟಡ್ ಮುರಿಯಬಹುದು. ಕ್ಲಾಂಪ್‌ನ ಬಾಯಿ ತೋಳಿನ ಸೀಳಿನ ಬಗ್ಗೆ ಕೈಪಿಡಿ ಹೇಳುವ ಜಾಗದಲ್ಲಿರಲಿ, ಬೋಲ್ಟ್ ಯಾವುದಕ್ಕೂ ತಾಗದಿರಲಿ.

ರಸ್ತೆಗೆ ಇಳಿಯುವ ಮುನ್ನ, ಇಳಿದ ಮೇಲೆ

ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಿ, ಒಬ್ಬರು ಕೆಳಗೆ ನೋಡುತ್ತಿರಲಿ: ಬ್ರೇಕ್ ಹೋಸ್, ಟೈರು, ಕ್ಲಾಂಪ್ ಬೋಲ್ಟ್, ಗ್ರೀಸ್ ನಿಪ್ಪಲ್ ಯಾವುದಕ್ಕೆ ಯಾವುದೂ ಉಜ್ಜಬಾರದು. ಚಕ್ರ ಎತ್ತಿ ಇಳಿಸಿದ ಎರಡೂ ಸ್ಥಿತಿಯಲ್ಲಿ ಇದನ್ನು ಮಾಡಿ.

ಮೊದಲ ಓಟ ಖಾಲಿ ಜಾಗದಲ್ಲಿ, ನಡೆಯುವ ವೇಗದಿಂದ ಶುರುವಾಗಲಿ. ತಿರುವಿನಿಂದ ಹೊರಬರುವಾಗ ಕೈ ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಬೇಕು. ಹೊಸ ಕೀಲುಗಳು ತುಸು ಬಿಗಿ ಇರುವುದರಿಂದ ಮೊದಲ ದಿನ ಸೋಮಾರಿತನ ತೋರಬಹುದು. ಆದರೆ ಒಂದೇ ಕಡೆಯಿಂದ ಬಾರದಿದ್ದರೆ ಐಡ್ಲರ್‌ನ ನಟ್ಟಿಗೆ ಹಿಂದಿರುಗಿ. ಹಳೆಯ ತಪ್ಪು ಟೋದಲ್ಲಿ ಓಡಿ ಸವೆದ ಟೈರುಗಳೂ ಸ್ವಲ್ಪ ಕಾಲ ಕಾರನ್ನು ಎಳೆಯುತ್ತವೆ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಆಡಿಸಿ: ಹೊರಗಿನಿಂದ ಒಳಕ್ಕೆ ನಯ, ಒಳಗಿನಿಂದ ಹೊರಕ್ಕೆ ಚೂಪು ಎನಿಸಿದರೆ ಅದು ಮೊದಲಿದ್ದ ಅತಿಯಾದ ಟೋ-ಇನ್‌ನ ಗುರುತು. ಹೊಸ ಕೀಲುಗಳ ಮೇಲೆ ಇದರ ದೂರು ಹೊರಿಸಬೇಡಿ.

ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಕೆಳಗೆ ಇಳಿಯಿರಿ. ಕ್ಲಾಂಪ್ ಬೋಲ್ಟ್‌ಗಳಿಗೂ ಪಿಟ್‌ಮನ್ ನಟ್ಟಿಗೂ ಟಾರ್ಕ್ ರೆಂಚ್ ಇಡಿ, ಕೀಲುಗಳ ಮೇಲೆ ಬೆರಳಿಟ್ಟು ಮೊದಲ ದಿನದ ಪರೀಕ್ಷೆಯನ್ನೇ ಮತ್ತೆ ಮಾಡಿ, ಟೋ-ಇನ್ ಅಳೆದು ಅದೇ ಹಾಳೆಯಲ್ಲಿ ದಿನಾಂಕದ ಜೊತೆ ಬರೆಯಿರಿ. ಬಿಚ್ಚಿದ ಟೈ ರಾಡ್ ಎಂಡ್‌ಗಳಲ್ಲಿ ಸ್ಟಡ್ ಚೆನ್ನಾಗಿರುವ ಒಂದನ್ನು ಎಸೆಯದೆ ಒರೆಸಿ, ಹಾಳೆಯೊಂದಿಗೆ ಕಟ್ಟಿ ಕಪಾಟಿನಲ್ಲಿಡಿ. ಮುಂದಿನ ಬಾರಿ ಡಬ್ಬಿ ಬಂದಾಗ ಟೇಪರ್ ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ.